ಬೆಂಗಳೂರಿನ ಬೀದಿ ತಂಪಾಗಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿಗೆ ಚಳಿ ‘ಶಿವ ಶಿವ’ ಅಂತ ಓಡಿಹೋಗುತ್ತದೆ ಎಂಬ ಮಾತಿದೆ. ಬೆಂಗಳೂರಿನಲ್ಲಿ ಈಗ ಅಷ್ಟು ಹೊತ್ತಿಗೆ ಸೆಕೆಯ ಮಾತೇ ಶುರುವಾಗಿರುತ್ತದೆ. ಮನೆಯೊಳಗಿರುವವರು ಫ್ಯಾನೋ ಎಸಿಯೋ ಹಾಕಿಕೊಳ್ಳುತ್ತಾರೆ. ಬಸ್ಸಿಗೆ ಕಾಯುವವರು, ತಳ್ಳುಗಾಡಿಯವರು, ಪೌರಕಾರ್ಮಿಕರು, ಶಾಲೆಯಿಂದ ನಡೆದು ಬರುವ ಮಕ್ಕಳು ಏನು ಮಾಡಬೇಕು? ಹೊರಗಿನ ಸೆಕೆ ಕಡಿಮೆ ಮಾಡುವ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಬೆಂಗಳೂರು ನಿಜಕ್ಕೂ ಮೊದಲಿಗಿಂತ ಬಿಸಿಯಾಗಿದೆಯಾ? ಇಲ್ಲ, ನಮಗೇ ಹಾಗನ್ನಿಸುತ್ತಿದೆಯಾ?

ಬಿಸಿಯಾಗಿದೆ. ಆದರೆ ಒಂದು ದಿನದ ದಾಖಲೆ ಹಿಡಿದು ವಾದ ಮಾಡಬಾರದು. ನಗರದ ಅತಿ ಹೆಚ್ಚಿನ ಉಷ್ಣಾಂಶ 39.2 ಡಿಗ್ರಿ, 2016ರ ಏಪ್ರಿಲ್‌ನಲ್ಲಿ ದಾಖಲಾದದ್ದು. 2024ರ ಏಪ್ರಿಲ್ ಕೊನೆಯಲ್ಲಿ 38.5 ಡಿಗ್ರಿ ಮುಟ್ಟಿತ್ತು. ಆದರೆ 1931ರ ಮೇ ತಿಂಗಳಲ್ಲೂ 38.9 ಡಿಗ್ರಿ ಆಗಿತ್ತು. ಅಂದರೆ ಬಿರುಬಿಸಿಲಿನ ದಿನ ಈ ಊರಿಗೆ ಹೊಸದಲ್ಲ.

ಬದಲಾಗಿರುವುದು ಆ ಬಿಸಿಲು ಬೀಳುವ ನೆಲ. 1973ರಲ್ಲಿ ನಗರದ ಸುಮಾರು ಶೇಕಡಾ 8ರಷ್ಟು ಜಾಗದಲ್ಲಿ ಮಾತ್ರ ಕಟ್ಟಡ, ರಸ್ತೆ ಇದ್ದವು. ಈಗ ಅದು ಶೇಕಡಾ 90 ದಾಟಿದೆ ಎಂದು ಐಐಎಸ್‌ಸಿಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿದೆ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದೇವೆ ಅನ್ನೋದೊಂದೇ ನಮ್ಮನ್ನು ಎಷ್ಟು ದಿನ ಕಾಪಾಡೀತು?

ಮಣ್ಣಿಗೂ ಕಾಂಕ್ರೀಟಿಗೂ ಅಷ್ಟೊಂದು ವ್ಯತ್ಯಾಸವಾ?

ಹೌದು. ಕಾರಣ ಮುಖ್ಯವಾಗಿ ಎರಡು.

ಮೊದಲನೆಯದು ನೀರು. ಒಂದು ಲೀಟರ್ ನೀರು ಆವಿಯಾಗಬೇಕಾದರೆ ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಆ ಶಾಖವನ್ನು ಅದು ಸುತ್ತಲಿನಿಂದಲೇ ಎಳೆದುಕೊಳ್ಳುತ್ತದೆ. ಒದ್ದೆ ಮಣ್ಣಿನಲ್ಲಿ, ಎಲೆಯಲ್ಲಿ, ಕೆರೆಯಲ್ಲಿ ಈ ಕೆಲಸ ಹಗಲಿಡೀ ನಡೆಯುತ್ತಿರುತ್ತದೆ. ಕೆಳಗೆ ನೀರು ಸಿಕ್ಕರೆ ದೊಡ್ಡ ಮರವೊಂದು ದಿನಕ್ಕೆ ನೂರು ಲೀಟರಿಗಿಂತ ಜಾಸ್ತಿ ನೀರನ್ನು ಎಲೆಗಳ ಮೂಲಕ ಬಿಡಬಲ್ಲದು. ಡಾಂಬರು ರಸ್ತೆಯಲ್ಲಿ ಆವಿಯಾಗಲು ಏನೂ ಇಲ್ಲ. ಬಿದ್ದ ಬಿಸಿಲೆಲ್ಲ ಶಾಖವೇ ಆಗುತ್ತದೆ.

ಎರಡನೆಯದು ಹಿಡಿದಿಟ್ಟುಕೊಳ್ಳುವ ಗುಣ. ಡಾಂಬರು, ಕಾಂಕ್ರೀಟು, ಗೋಡೆ ಎಲ್ಲ ಹಗಲು ಶಾಖ ಕುಡಿದು ರಾತ್ರಿ ನಿಧಾನಕ್ಕೆ ಹೊರಗೆ ಬಿಡುತ್ತವೆ. ರಾತ್ರಿ ಒಂಬತ್ತಕ್ಕೆ ಚಿಕ್ಕಪೇಟೆಯ ಓಣಿಯೊಂದರಲ್ಲಿ ಗೋಡೆಗೆ ಕೈ ಇಟ್ಟು ನೋಡಿ, ಇನ್ನೂ ಬೆಚ್ಚಗೇ ಇರುತ್ತದೆ. ಅದೇ ಹೊತ್ತಿಗೆ ಜಿಕೆವಿಕೆ, ಅಂದರೆ ಕೃಷಿ ವಿಶ್ವವಿದ್ಯಾಲಯದ ಕಡೆಯ ಹೊಲದಂಚಿನಲ್ಲಿ ತಣ್ಣನೆ ಗಾಳಿ ಶುರುವಾಗಿರುತ್ತದೆ. ಊರಿನ ಸೆಕೆ ಹಗಲಿಗಿಂತ ರಾತ್ರಿಯಲ್ಲೇ ಹಳ್ಳಿಗಿಂತ ಜಾಸ್ತಿ ಎದ್ದು ಕಾಣುವುದು ಇದಕ್ಕೇ. ರಾತ್ರಿ ಮೈ ತಣಿಯದಿದ್ದರೆ ಮರುದಿನದ ಬಿಸಿಲು ಇನ್ನಷ್ಟು ಕಾಡುತ್ತದೆ.

ಫೋನಿನಲ್ಲಿ 35 ಅಂತ ತೋರಿಸುತ್ತದೆ. ರಸ್ತೆಯಲ್ಲಿ ನಿಂತರೆ 45ರ ಹಾಗಿರುತ್ತದೆ. ಯಾವುದು ಸರಿ?

ಎರಡೂ ಸರಿ. ಹವಾಮಾನ ಇಲಾಖೆ ಉಷ್ಣಾಂಶ ಅಳೆಯುವುದು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ. ಅದು ಬರೀ ಗಾಳಿಯ ಬಿಸಿ. ನೀವು ಸಿಗ್ನಲ್ಲಿನಲ್ಲಿ ನಿಂತಾಗ ಮೇಲಿಂದ ಬಿಸಿಲು, ಕೆಳಗಿನಿಂದ ಡಾಂಬರಿನ ಝಳ, ಪಕ್ಕದ ಬಸ್ಸಿನ ಎಂಜಿನ್ನು, ಎದುರಿನ ಗೋಡೆ, ಇಷ್ಟೂ ಸೇರಿ ಮೈಗೆ ತಾಗುತ್ತವೆ. ಗಾಳಿ 35 ಡಿಗ್ರಿ ಇರುವ ಮಧ್ಯಾಹ್ನ ಡಾಂಬರಿನ ಮೈ 55, 60 ಡಿಗ್ರಿ ಆಗಿರಬಹುದು.

ಈ ಪುಟದ ಉಳಿದ ಉತ್ತರಗಳಿಗೆಲ್ಲ ಇದೇ ಕೀಲಿ. ಇಡೀ ಊರಿನ ಗಾಳಿಯನ್ನು ಎರಡು ಡಿಗ್ರಿ ಇಳಿಸುವುದು ಹತ್ತಾರು ವರ್ಷದ ಕೆಲಸ. ಒಬ್ಬ ಮನುಷ್ಯನ ಮೈಗೆ ತಾಗುವ ಝಳವನ್ನು ಹತ್ತು ಡಿಗ್ರಿಗೂ ಜಾಸ್ತಿ ಇಳಿಸುವುದು ಒಂದು ನೆರಳಿನ ಕೆಲಸ.

ಹಾಗಾದರೆ ಒಂದೇ ಒಂದು ಕೆಲಸ ಮಾಡಬೇಕು ಅಂದರೆ ಯಾವುದು?

ಜನ ನಡೆಯುವ, ನಿಲ್ಲುವ ಜಾಗದಲ್ಲಿ ನೆರಳು. ಇರುವ ಮರ ಉಳಿಸಿ ಸಿಗುವ ನೆರಳು ಮೊದಲು, ಹೊಸದು ಆಮೇಲೆ.

ಇದನ್ನು ಬೆಂಗಳೂರಿನಲ್ಲೇ ಅಳೆದು ನೋಡಿದ್ದಾರೆ. ಹರಿಣಿ ನಾಗೇಂದ್ರ ಅವರೂ ಇದ್ದ ಸಂಶೋಧಕರ ತಂಡ ನಗರದ ರಸ್ತೆಗಳಲ್ಲಿ ಮರ ಇರುವ ಭಾಗವನ್ನೂ ಇಲ್ಲದ ಭಾಗವನ್ನೂ ಹೋಲಿಸಿತು. ಅಧ್ಯಯನ ಪ್ರಕಟವಾದದ್ದು 2013ರಲ್ಲಿ. ಮರದ ಕೆಳಗೆ ಗಾಳಿಯ ಉಷ್ಣಾಂಶ 5.6 ಡಿಗ್ರಿವರೆಗೆ ಕಡಿಮೆ ಇತ್ತು. ಡಾಂಬರಿನ ಮೈ 27.5 ಡಿಗ್ರಿವರೆಗೆ ಕಡಿಮೆ ಇತ್ತು. ಇಷ್ಟು ತಂಪು ಕೊಡುವ ಬಣ್ಣ ನನಗಂತೂ ಗೊತ್ತಿಲ್ಲ, ಯಂತ್ರವೂ ಗೊತ್ತಿಲ್ಲ.

ಅಧ್ಯಯನ ಓದದವರಿಗೂ ಇದು ಗೊತ್ತಿದೆ. ಏಪ್ರಿಲ್ ಮಧ್ಯಾಹ್ನ ಮರ ಇರುವ ಯಾವುದಾದರೂ ಸಿಗ್ನಲ್ ನೋಡಿ. ಕೆಂಪು ದೀಪ ಬಿದ್ದಾಗ ಬೈಕಿನವರು ಬಿಳಿ ಗೆರೆವರೆಗೆ ಹೋಗುವುದಿಲ್ಲ. ಮೂವತ್ತು ಅಡಿ ಹಿಂದೆ, ಮಳೆಮರದ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲೇ ಸಾಲಾಗಿ ನಿಂತುಬಿಡುತ್ತಾರೆ. ಮುಂದೆ ಜಾಗ ಖಾಲಿ ಬಿದ್ದಿರುತ್ತದೆ. ಹಿಂದಿನ ಕಾರಿನವರೂ ಹಾರ್ನ್ ಹೊಡೆಯುವುದಿಲ್ಲ. ಸ್ಟೀಲ್ ಬಸ್ ಸ್ಟಾಪುಗಳಲ್ಲೂ ಅಷ್ಟೇ. ಮೂರು ಗಂಟೆಯ ಇಳಿಬಿಸಿಲು ಸೀಟಿನ ಮೇಲೇ ಬೀಳುತ್ತಿರುತ್ತದೆ, ಯಾರೂ ಕೂರಲು ಆಗುವುದಿಲ್ಲ. ಹೆಂಗಸರು ಸೆರಗು ತಲೆ ಮೇಲೆ ಎಳೆದುಕೊಂಡು ಬಸ್ ಸ್ಟಾಪಿನ ಹಿಂದೆ, ಲೈಟ್ ಕಂಬದ ಒಂದು ಗೇಣು ನೆರಳಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತಿರುತ್ತಾರೆ. ಬಸ್ ಸ್ಟಾಪಿನ ನಕ್ಷೆ ಬರೆಯುವವರು ಸೂರ್ಯ ಮೂರು ಗಂಟೆಗೆ ಎಲ್ಲಿರುತ್ತಾನೆ ಅಂತ ಒಮ್ಮೆ ನೋಡಿದರೂ ಸಾಕು.

ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ ಅಂತಾರಲ್ಲ, ಅದು ಸರಿಯಲ್ವಾ?

ಲೆಕ್ಕ ಹಾಕಿ ನೋಡೋಣ. ಹನ್ನೆರಡು ಮೀಟರ್ ಅಗಲ ಹರಡಿದ ಮಳೆಮರ ನಡುಮಧ್ಯಾಹ್ನ ಸುಮಾರು 113 ಚದರ ಮೀಟರ್ ನೆರಳು ಕೊಡುತ್ತದೆ. ಒಂದು ಮೀಟರ್ ಹರಡಿದ ಸಸಿ ಕೊಡುವುದು ಒಂದು ಚದರ ಮೀಟರಿಗೂ ಕಮ್ಮಿ. ಹತ್ತು ಸಸಿಗೆ ಎಂಟು ಚದರ ಮೀಟರ್. ಅದೂ ಹತ್ತಕ್ಕೆ ಹತ್ತೂ ಬದುಕಿದರೆ. ಮೇಲಾಗಿ ಸಸಿ ನೆಡುವುದು ಎಷ್ಟೋ ಸಲ ಊರಾಚೆ. ನೆರಳು ಹೋದದ್ದು ನಿಮ್ಮ ರಸ್ತೆಯಲ್ಲಿ, ಬಂದದ್ದು ಬೇರೆ ಯಾರದೋ ರಸ್ತೆಯಲ್ಲಿ, ಅದೂ ಇಪ್ಪತ್ತು ವರ್ಷದ ಮೇಲೆ.

ಸಸಿ ನೆಡಬೇಡಿ ಎಂದು ಹೇಳುತ್ತಿಲ್ಲ. ನಾವು ಇವತ್ತು ಅನುಭವಿಸುತ್ತಿರುವ ನೆರಳೂ ಯಾರೋ ನೆಟ್ಟದ್ದೇ. 1980ರ ದಶಕದಲ್ಲಿ ಅರಣ್ಯ ಅಧಿಕಾರಿಯಾಗಿದ್ದ ಎಸ್.ಜಿ. ನೇಗಿನಹಾಳರು ನಗರದ ರಸ್ತೆ, ಬಡಾವಣೆಗಳಲ್ಲಿ ಸುಮಾರು 15 ಲಕ್ಷ ಮರ ನೆಡಿಸಿದರು. ಅದಕ್ಕೂ ಮುಂಚೆ ಲಾಲ್‌ಬಾಗಿನ ಉಸ್ತುವಾರಿ ಹೊತ್ತಿದ್ದ ಕ್ರುಂಬಿಗಲ್, ವರ್ಷವಿಡೀ ಒಂದಲ್ಲ ಒಂದು ಬೀದಿಯಲ್ಲಿ ಹೂವು ಇರುವಂತೆ ಮರಗಳನ್ನು ಯೋಜಿಸಿದ್ದರು. ಹೊಸದು ನೆಡುವುದು ಮೊಮ್ಮಕ್ಕಳಿಗೆ. ಹಳೆಯದನ್ನು ಉಳಿಸುವುದು ನಮಗೆ. ಒಂದನ್ನು ತೋರಿಸಿ ಇನ್ನೊಂದನ್ನು ಕಡಿಯುವಂತಿಲ್ಲ.

ಮರ ಕಡಿಯೋದನ್ನು ತಡೆಯಲು ಸಾಮಾನ್ಯ ಜನರ ಕೈಲಾಗುತ್ತದಾ?

ಆಗುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ ವೃಕ್ಷ ಅಧಿಕಾರಿಯ ಒಪ್ಪಿಗೆ ಇಲ್ಲದೆ ಮರ ಕಡಿಯುವಂತಿಲ್ಲ, ಮರ ನಿಮ್ಮ ಕಾಂಪೌಂಡಿನೊಳಗೇ ಇದ್ದರೂ ಅಷ್ಟೇ. ಐವತ್ತಕ್ಕಿಂತ ಜಾಸ್ತಿ ಮರ ಕಡಿಯುವ ಸಾರ್ವಜನಿಕ ಯೋಜನೆಯಾದರೆ ಮೊದಲು ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕೇಳಬೇಕು. ಆ ಪ್ರಕಟಣೆ ಬಂದಾಗ ಎರಡು ಸಾಲು ಬರೆದು ಕಳಿಸಿ. ಎಷ್ಟು ಜನ ಬರೆದರು ಅನ್ನೋದು ಕಡತದಲ್ಲಿ ಉಳಿಯುತ್ತದೆ.

2016ರಲ್ಲಿ ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಎಂಟುನೂರಕ್ಕೂ ಜಾಸ್ತಿ ಮರ ಹೋಗುವುದರಲ್ಲಿತ್ತು. ಸಾವಿರಾರು ಜನ ರಸ್ತೆ ಬದಿ ಕೈ ಕೈ ಹಿಡಿದು ನಿಂತರು. ಮರುವರ್ಷ ಸರ್ಕಾರ ಯೋಜನೆ ಕೈಬಿಟ್ಟಿತು.

ಯಾವ ಮರ ನೆಡಬೇಕು?

ಬೇಸಿಗೆಯಲ್ಲಿ ಎಲೆ ಇರುವ ಮರ. ಇದು ಹೇಳಲೇಬೇಕಾದ ಮಾತು, ಯಾಕೆಂದರೆ ನಮಗೆ ಹೂವಿನ ಮರದ ಮೇಲೆ ಪ್ರೀತಿ ಜಾಸ್ತಿ. ಗುಲಾಬಿ ತಬೇಬುಯಾ ಅರಳಿದಾಗ ಇಡೀ ಊರು ಫೋಟೋ ತೆಗೆಯುತ್ತದೆ. ಆದರೆ ಹೂವಿನ ಹೊತ್ತಿಗೆ ಅದರಲ್ಲಿ ಎಲೆಯೇ ಇರುವುದಿಲ್ಲ. ಗುಲ್‌ಮೊಹರ್ ಕೂಡ ಮಾರ್ಚ್‌ನಲ್ಲಿ ಬೋಳಾಗಿ ನಿಂತಿರುತ್ತದೆ, ಗಾಳಿ ಮಳೆಗೆ ಬೇಗ ಮುರಿಯುತ್ತದೆ. ಚಂದಕ್ಕೆ ಅಲ್ಲಲ್ಲಿ ಇರಲಿ. ಜನ ನಡೆಯುವ ಫುಟ್‌ಪಾತಿಗೆ ಬೇಡ.

ಬೀದಿ ಬದಿಗೆ ನನ್ನ ಮೊದಲ ಆಯ್ಕೆ ಹೊಂಗೆ. ಯುಗಾದಿ ಹೊತ್ತಿಗೆ ಹಳೆಯ ಎಲೆ ಉದುರಿಸಿ, ಬಿಸಿಲು ಏರುವಷ್ಟರಲ್ಲಿ ಎಳೆ ಹಸಿರು ಚಿಗುರು ತುಂಬಿಕೊಂಡಿರುತ್ತದೆ. ನೀರು ಜಾಸ್ತಿ ಕೇಳುವುದಿಲ್ಲ. ‘ಹೊಂಗೆ ನೆರಳು’ ಅಂತ ಹಿರಿಯರು ಆ ನೆರಳನ್ನೇ ಎತ್ತಿ ಹೇಳಿದ್ದು ಸುಮ್ನೆ ಅಲ್ಲ. ಬೇವು, ಮಹಾಗನಿ, ನೇರಳೆ, ರೆಂಜೆ, ಸಂಪಿಗೆ ಕೂಡ ಒಳ್ಳೆಯವೇ. ರೆಂಜೆ ನಿಧಾನವಾಗಿ ಬೆಳೆಯುತ್ತದೆ, ಆದರೆ ಯಾವಾಗಲೂ ಹಸಿರು. ಅಗಲವಾದ ರಸ್ತೆಗೆ ಮಳೆಮರಕ್ಕೆ ಸಾಟಿ ಇಲ್ಲ. ಆಲ, ಅರಳಿ, ಅತ್ತಿ, ಗೋಣಿ ಮರಗಳಿಗೆ ಬೇರು ಚಾಚಲು ಜಾಗ ಬೇಕು. ಅವನ್ನು ಪಾರ್ಕು, ಕೆರೆಯ ದಡ, ಶಾಲೆಯ ಮೈದಾನದಲ್ಲಿ ಹಾಕಿ. ಹಳೇ ಹಳ್ಳಿಗಳು ನಗರದೊಳಗೆ ಸೇರಿಹೋದ ಕಡೆ ಅರಳಿಕಟ್ಟೆ ಇನ್ನೂ ಉಳಿದಿದ್ದರೆ ಅದನ್ನು ಕಣ್ಣಿನ ಹಾಗೆ ಕಾಪಾಡಿಕೊಳ್ಳಿ. ಈ ಊರಿನ ಅತ್ಯುತ್ತಮ ತಂಗುದಾಣ ಅದೇ.

ಮರದ ಬುಡಕ್ಕೆ ಟೈಲ್ಸ್ ಹಾಕಿಬಿಟ್ಟಿದ್ದಾರೆ. ಏನಾದರೂ ತೊಂದರೆಯಾ?

ದೊಡ್ಡ ತೊಂದರೆ. ಬುಡದವರೆಗೆ ಇಂಟರ್‌ಲಾಕ್ ಟೈಲ್ಸೋ ಕಾಂಕ್ರೀಟೋ ಬಂದರೆ ಬೇರಿಗೆ ಮಳೆನೀರೂ ಗಾಳಿಯೂ ಸಿಗುವುದಿಲ್ಲ. ನೀರಿಲ್ಲದ ಮರ ಎಲೆಯ ರಂಧ್ರ ಮುಚ್ಚಿಕೊಳ್ಳುತ್ತದೆ. ನೆರಳು ಸ್ವಲ್ಪ ಇರುತ್ತದೆ, ಆವಿಯ ತಂಪು ನಿಂತುಹೋಗುತ್ತದೆ. ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು. ನಮ್ಮ ಬೀದಿಯಲ್ಲೂ ಇದನ್ನೇ ಕೇಳೋಣ. ಫುಟ್‌ಪಾತ್ ಕೆಲಸ ನಡೆಯುವಾಗಲೇ ಗುತ್ತಿಗೆದಾರರ ಮೇಸ್ತ್ರಿಗೆ ಹೇಳಿದರೆ ಅರ್ಧ ಕೆಲಸ ಆಗುತ್ತದೆ. ಟೈಲ್ಸ್ ಕೂರಿಸಿದ ಮೇಲೆ ತೆಗೆಸುವುದು ಕಷ್ಟ.

ಮಳೆಗಾಳಿಗೆ ಮರ ಬಿದ್ದು ಜನ ಸಾಯುತ್ತಾರೆ. ಮರ ಅಂದರೆ ಭಯವಾಗುತ್ತದೆ.

ಈ ಭಯವನ್ನು ತಳ್ಳಿಹಾಕುವಂತಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಪ್ರತಿ ವರ್ಷ ಮರಗಳು ಉರುಳುತ್ತವೆ. ಆದರೆ ಬಿದ್ದ ಮರದ ಬುಡ ನೋಡಿ. ಎಷ್ಟೋ ಕಡೆ ಒಂದು ಪಕ್ಕದ ಬೇರು ಪೂರ್ತಿ ಕತ್ತರಿಸಿರುತ್ತದೆ. ಚರಂಡಿಗೋ ಕೇಬಲ್ಲಿಗೋ ಪೈಪಿಗೋ ಅಗೆದಾಗ ಹೋದದ್ದು ಅದು. ವಿದ್ಯುತ್ ತಂತಿಗೆಂದು ಒಂದೇ ಕಡೆ ಕೊಂಬೆ ಸವರಿ ಸವರಿ ಮರ ಇನ್ನೊಂದು ಕಡೆ ವಾಲಿರುತ್ತದೆ. ಮಳೆಗಾಲಕ್ಕೆ ಮುಂಚೆ ಒಣಕೊಂಬೆ ತೆಗೆಸುವುದು, ಟೊಳ್ಳಾದ ಮರ ಗುರುತಿಸುವುದು, ಬೇರಿನ ಹತ್ತಿರ ಯಂತ್ರದ ಬದಲು ಕೈಯಲ್ಲಿ ಅಗೆಯುವುದು, ಇವು ಆಗಬೇಕು. ನಿಜವಾಗಿ ಅಪಾಯದ ಮರವಿದ್ದರೆ ತೆಗೆಯಲೇಬೇಕು. ಅದೇ ಜಾಗದಲ್ಲಿ ಅದೇ ಮಳೆಗಾಲದಲ್ಲಿ ಇನ್ನೊಂದು ನೆಡಬೇಕು.

ರಸ್ತೆಗೆ ಬಿಳಿ ಬಣ್ಣ ಬಳಿದರೆ ತಂಪಾಗುತ್ತದಂತೆ?

ರಸ್ತೆ ತಂಪಾಗುತ್ತದೆ, ನಡೆಯುವವರು ಆಗದೇ ಇರಬಹುದು. ಅಮೆರಿಕದ ಫೀನಿಕ್ಸ್ ನಗರ 2020ರಿಂದ ಕೆಲವು ಬಡಾವಣೆಗಳ ಡಾಂಬರಿಗೆ ತಿಳಿ ಬಣ್ಣದ ಲೇಪ ಹಾಕಿ ಅಳೆಯಿತು. ಮಧ್ಯಾಹ್ನ ರಸ್ತೆಯ ಮೈ ಸುಮಾರು 6 ಡಿಗ್ರಿ ಕಡಿಮೆಯಾಯಿತು. ಆದರೆ ಅದರ ಮೇಲೆ ನಿಂತವರ ಮೈಗೆ ತಾಗುವ ಝಳ ನಡುಹಗಲಿನಲ್ಲಿ ಸುಮಾರು 3 ಡಿಗ್ರಿಯಷ್ಟು ಏರಿತು. ರಸ್ತೆ ನುಂಗದೆ ಬಿಟ್ಟ ಬಿಸಿಲು ಜನರ ಮೇಲೆ ಬಿತ್ತು, ಅಷ್ಟೇ. ರಾತ್ರಿಯ ಸೆಕೆಗೆ ಇದು ಸ್ವಲ್ಪ ಒಳ್ಳೆಯದು, ಯಾಕೆಂದರೆ ಹಗಲು ಕುಡಿದ ಶಾಖ ಕಮ್ಮಿ.

ನಮ್ಮ ವೈಟ್ ಟಾಪಿಂಗ್ ರಸ್ತೆಗಳಿಗೂ ಈ ಮಾತು ಅನ್ವಯಿಸುತ್ತದೆ. ಅವು ಡಾಂಬರಿಗಿಂತ ತಿಳಿ ಬಣ್ಣದವು, ಆದರೆ ದಪ್ಪ ಕಾಂಕ್ರೀಟು. ಅವನ್ನು ತಂಪಿನ ಯೋಜನೆ ಅಂತ ಹೇಳಲಾಗದು. ನೆರಳಿಲ್ಲದ ವಾಹನ ನಿಲುಗಡೆ, ಗೋದಾಮಿನ ಅಂಗಳ, ಇಂಥ ಕಡೆ ಬಿಳಿ ಲೇಪ ಸರಿ. ಜನ ನಡೆಯುವಲ್ಲಿ ಮರ.

ಮನೆ ತಾರಸಿಗೆ ಬಿಳಿ ಬಣ್ಣ?

ಖಂಡಿತ ಮಾಡಿಸಿ. ತಾರಸಿಯ ಮೇಲೆ ಯಾರೂ ನಡೆಯುವುದಿಲ್ಲ, ಬಿಸಿಲು ಆಕಾಶಕ್ಕೇ ವಾಪಸ್ ಹೋಗುತ್ತದೆ. ಒಳ್ಳೆಯ ಬಿಳಿ ಲೇಪ ಬಿದ್ದ ಬಿಸಿಲಿನ ಮುಕ್ಕಾಲು ಪಾಲಿನಷ್ಟನ್ನು ತಿರುಗಿಸುತ್ತದೆ. ಒಳಗೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ತಂಪು ಸಿಗುತ್ತದೆ. ಸಿಮೆಂಟ್ ಶೀಟು, ತಗಡಿನ ಮನೆಗಳಿಗೆ ಲಾಭ ಇನ್ನೂ ಜಾಸ್ತಿ. ಕೂಲ್ ರೂಫ್ ಪೇಂಟ್ ದುಬಾರಿ ಅನ್ನಿಸಿದರೆ ಸುಣ್ಣಕ್ಕೆ ಗೋಂದು ಬೆರೆಸಿ ಬಳಿಯಿರಿ. ಒಂದೆರಡು ಮಳೆಗಾಲಕ್ಕೆ ಮಾಸುತ್ತದೆ, ಮತ್ತೆ ಬಳಿಯಬೇಕು. ಚೀನಾ ಮೊಸಾಯಿಕ್, ಅಂದರೆ ಒಡೆದ ಬಿಳಿ ಟೈಲ್ಸ್ ಚೂರು ಕೂರಿಸುವುದು, ಬಾಳಿಕೆ ಬರುತ್ತದೆ.

ಹೊರಗಿನ ಸೆಕೆಗೆ ಒಂದು ಮನೆಯಿಂದ ಏನೂ ಗೊತ್ತಾಗುವುದಿಲ್ಲ. ಇಡೀ ಬಡಾವಣೆ ಮಾಡಿದರೆ ಗೊತ್ತಾಗುತ್ತದೆ. ತೆಲಂಗಾಣ 2023ರಲ್ಲಿ ಇದಕ್ಕೆಂದೇ ತಂಪು ಛಾವಣಿ ನೀತಿ ತಂದಿತು, ದೊಡ್ಡ ಹೊಸ ಕಟ್ಟಡಗಳಿಗೆ ಕಡ್ಡಾಯ ಮಾಡಿತು.

ತಾರಸಿ ತೋಟ, ಮೆಟ್ರೋ ಕಂಬದ ಹಸಿರು ಗೋಡೆ?

ತಾರಸಿ ತೋಟ ಒಳ್ಳೆಯದು, ಮನೆಗೆ ತರಕಾರಿಯೂ ಬರುತ್ತದೆ. ತೂಕ, ನೀರು ಸೋರುವಿಕೆ ನೋಡಿಕೊಳ್ಳಿ. ಕಂಬದ ಮೇಲಿನ ಕುಂಡಗಳಿಗೆ ದಿನಾ ನೀರು ಬೇಕು, ನೆರಳು ಕೊಡುವುದಿಲ್ಲ. ಆ ಹಣದಲ್ಲಿ ಕೆಳಗೆ ಮರ ಬೆಳೆಸಬಹುದು.

ಕೆರೆ ಉಳಿದಿದ್ದರೆ ಊರು ತಂಪಾಗಿರುತ್ತಿತ್ತಾ?

ಕೆರೆಯ ಸುತ್ತಮುತ್ತ ಹೌದು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಊರ ನಡುವೆ ನೀರಿದ್ದ ಜಾಗಗಳೇ ಈಗ ಕಾಂಕ್ರೀಟಿನ ಬಯಲು. ನೀರು ಹಗಲು ನಿಧಾನಕ್ಕೆ ಕಾಯುತ್ತದೆ, ಮೇಲಿನ ಗಾಳಿಯನ್ನು ತಂಪಾಗಿಡುತ್ತದೆ. ರಾತ್ರಿ ಅಷ್ಟೇ ನಿಧಾನಕ್ಕೆ ಆರುವುದರಿಂದ ರಾತ್ರಿಯ ತಂಪಿಗೆ ಕೆರೆಯೊಂದನ್ನೇ ನಂಬುವಂತಿಲ್ಲ. ದಡದಲ್ಲಿ ಮರ, ಗಾಳಿ ಆಡುವ ದಾರಿ ಇದ್ದಾಗ ಕೆರೆಯ ತಂಪು ಬೀದಿಗೆ ತಲುಪುತ್ತದೆ. ಸುತ್ತ ಅಪಾರ್ಟ್‌ಮೆಂಟ್ ಗೋಡೆ ಎದ್ದರೆ ಅಲ್ಲೇ ನಿಲ್ಲುತ್ತದೆ.

ಹಾಗಾಗಿ ರಾಜಕಾಲುವೆಗಳ ಬಗ್ಗೆ ನನಗೆ ಹೆಚ್ಚು ಆಸೆ. ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳು ಊರನ್ನು ಸೀಳಿಕೊಂಡು ಹೋಗುತ್ತವೆ. ರಾತ್ರಿ ತಣ್ಣನೆ ಗಾಳಿ ತಗ್ಗಿನತ್ತ ಇಳಿಯುತ್ತದೆ, ಕಣಿವೆಗಳು ಅದರ ಸಹಜ ದಾರಿ. ಜರ್ಮನಿಯ ಸ್ಟುಟ್‌ಗಾರ್ಟ್ ನಗರ ಇಂಥ ಗಾಳಿದಾರಿಗಳಲ್ಲಿ ಕಟ್ಟಡ ಏಳದಂತೆ ದಶಕಗಳಿಂದ ನೋಡಿಕೊಂಡಿದೆ. ದಕ್ಷಿಣ ಕೊರಿಯಾದ ಸೋಲ್ ನಗರ ಊರ ನಡುವಿನ ಮೇಲ್ರಸ್ತೆ ಕಿತ್ತು, ಅದರ ಕೆಳಗೆ ಮುಚ್ಚಿಹೋಗಿದ್ದ ಚಿಯೊಂಗ್ಯೆಚಿಯೊನ್ ತೊರೆಯನ್ನು 2005ರಲ್ಲಿ ಮತ್ತೆ ತೆರೆಯಿತು. ಹತ್ತಿರದ ಸಮಾನಾಂತರ ರಸ್ತೆಗಿಂತ ತೊರೆಯ ದಡ 3.3ರಿಂದ 5.9 ಡಿಗ್ರಿ ತಂಪಾಗಿತ್ತು. ನಮ್ಮಲ್ಲಿ ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನತ್ತ ಹೋಗುವ ಕೆ-100 ರಾಜಕಾಲುವೆಯನ್ನು ಸರಿಮಾಡುವ ಕೆಲಸ ನಡೆದಿದೆ. ಕೊಳಚೆ ತಡೆದು, ದಡದಲ್ಲಿ ನೆರಳು ಬೆಳೆಸಿ, ನಡೆಯುವ ದಾರಿ ಮಾಡಿದರೆ ಪ್ರತಿ ಕಾಲುವೆಯೂ ಒಂದು ತಂಪಿನ ಬೀದಿ ಆಗಬಲ್ಲದು.

ರಸ್ತೆಗೆ ನೀರು ಚಿಮುಕಿಸಿದರೆ? ತುಂತುರು ಯಂತ್ರ?

ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಒಣಗಾಳಿ ಇರುವುದರಿಂದ ಚೆನ್ನೈ, ಮಂಗಳೂರಿಗಿಂತ ಇಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಬೆಳಿಗ್ಗೆ, ಸಂಜೆ ಅಂಗಳಕ್ಕೆ ನೀರು ಹಾಕುವ ರೂಢಿಯಿಂದಲೂ ಇದೇ ತಂಪು ಸಿಗುತ್ತಿತ್ತು. ಆದರೆ ನೀರೆಲ್ಲಿ? 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಾಡಿ ತೊಳೆಯಲು, ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಸಂಸ್ಕರಿಸಿದ ನೀರಿದ್ದರೆ ಅದನ್ನು ರಸ್ತೆಗೆ ಸುರಿಯುವ ಬದಲು ರಸ್ತೆ ಬದಿಯ ಮರಕ್ಕೆ ಹಾಕಿ. ರಸ್ತೆ ಹತ್ತು ನಿಮಿಷಕ್ಕೆ ಒಣಗುತ್ತದೆ, ಮರ ಆ ನೀರನ್ನು ದಿನವಿಡೀ ಬಳಸುತ್ತದೆ.

ಎಸಿ ಹಾಕಿಕೊಂಡರೆ ಹೊರಗಿನವರಿಗೆ ಏನು ತೊಂದರೆ?

ಎಸಿ ಶಾಖವನ್ನು ಇಲ್ಲವಾಗಿಸುವುದಿಲ್ಲ, ಹೊರಗೆ ಸಾಗಿಸುತ್ತದೆ. ಒಳಗಿನ ಮೂರು ಪಾಲು ಶಾಖ ಹೊರಹಾಕಲು ಹತ್ತಿರ ಹತ್ತಿರ ಒಂದು ಪಾಲು ವಿದ್ಯುತ್ ಬೇಕು. ಬೀದಿಗೆ ಬರುವುದು ನಾಲ್ಕೂ ಪಾಲು. ಕಿರಿದಾದ ಓಣಿಯಲ್ಲಿ ಫುಟ್‌ಪಾತಿನ ಎತ್ತರಕ್ಕೇ ಹೊರಘಟಕ ಕೂರಿಸಿದ್ದರೆ ನಡೆಯುವವರ ಮುಖಕ್ಕೇ ಬಿಸಿಗಾಳಿ ಬಡಿಯುತ್ತದೆ. ಅಂಗಡಿಯವರು ಅದನ್ನು ತಾರಸಿಗೆ ಹಾಕಿಸಲಿ. 2020ರಿಂದ ಸ್ಟಾರ್ ಗುರುತಿನ ಎಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರುತ್ತವೆ, ಅದನ್ನು 18ಕ್ಕೆ ಇಳಿಸಬೇಡಿ. ವಯಸ್ಸಾದವರು, ಕಾಯಿಲೆಯವರು ಇದ್ದ ಮನೆಗೆ ಎಸಿ ಬೇಕಾಗಬಹುದು, ಅದಕ್ಕೆ ಯಾರೂ ಮುಜುಗರ ಪಡಬೇಕಿಲ್ಲ. ಹೊರ ವರ್ತುಲ ರಸ್ತೆಯ ಗಾಜಿನ ಕಟ್ಟಡಗಳ ಮಾತು ಬೇರೆ. ಗೋಡೆಗೆ ಗಾಜು, ಒಳಗೆ ಕಾಯುವ ಬಿಸಿಲು, ಅದನ್ನು ಹೊರದಬ್ಬಲು ಹಗಲಿಡೀ ಎಸಿ. ಈ ಊರಿನ ಹವೆಗೆ ಕಿಟಕಿ ಮೇಲೆ ಸಜ್ಜಾ, ಮುಂದೆ ಜಗುಲಿ, ಎದುರು ಬದುರು ಕಿಟಕಿ ಸಾಕಾಗುತ್ತಿತ್ತು.

ಮರ ಬೆಳೆಯಲು ವರ್ಷಗಟ್ಟಲೆ ಬೇಕು. ಈ ಬೇಸಿಗೆಗೆ ಏನು?

ಚಪ್ಪರ. ರಾಮನವಮಿಗೆ ಬೀದಿಯಲ್ಲಿ ಚಪ್ಪರ ಹಾಕಿ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುವುದು ನಮಗೆ ಗೊತ್ತೇ ಇದೆ. ಅದೇ ಚಪ್ಪರ ಮಾರ್ಚ್‌ನಿಂದ ಮೇ ಕೊನೆವರೆಗೆ ಯಾಕಿರಬಾರದು? 2024ರ ಬೇಸಿಗೆಯಲ್ಲಿ ಪುದುಚೇರಿಯ ಸಿಗ್ನಲ್‌ಗಳಲ್ಲಿ ಹಸಿರು ನೆರಳುಪರದೆ ಕಟ್ಟಿದ್ದರು. ಬಸ್ ಸ್ಟಾಪು, ಸಂತೆ, ಆಸ್ಪತ್ರೆಯ ಗೇಟು, ಆಟೋ ಸ್ಟ್ಯಾಂಡು, ಈ ನಾಲ್ಕು ಕಡೆ ಮೊದಲು ಬೇಕು. ತಗಡಿನ ಬದಲು ಬಟ್ಟೆ, ಗರಿ, ಹೆಣೆದ ಪರದೆ ಹಾಕಿ. ತಗಡು ಕಾದು ತಾನೇ ಕೆಳಗೆ ಝಳ ಬಿಡುತ್ತದೆ. ಪಕ್ಕದಲ್ಲೇ ಒಂದು ಅರವಟ್ಟಿಗೆ ಇಡಿ. ಮಣ್ಣಿನ ಮಡಕೆ, ಮುಚ್ಚಳ, ಉದ್ದ ಹಿಡಿಯ ಸೌಟು, ದಿನಕ್ಕೆ ಎರಡು ಸಲ ನೀರು ತುಂಬಲು ಹೆಸರು ಹಿಡಿದು ಒಪ್ಪಿಕೊಂಡ ಒಬ್ಬರು.

ಇಲ್ಲಿ ಹೀಟ್ ವೇವ್ ಘೋಷಿಸುವುದೇ ಇಲ್ಲವಲ್ಲ? ಹಾಗಾದರೆ ಅಪಾಯವಿಲ್ಲ ಅಂತಲಾ?

ಬಯಲುಸೀಮೆಯಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟಿದರೆ ಮಾತ್ರ ಹವಾಮಾನ ಇಲಾಖೆ ಬಿಸಿಗಾಳಿಯ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬೆಂಗಳೂರು ಆ ಗೆರೆ ಮುಟ್ಟಿಲ್ಲ. ಆದರೆ ಕಾಂಕ್ರೀಟ್ ಹಾಕುವ ಕಾರ್ಮಿಕರ ಮೈಗೆ ಆ ಗೆರೆ ಗೊತ್ತಿಲ್ಲ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಲಿಗೆ 1,300ಕ್ಕೂ ಹೆಚ್ಚು ಜನ ಮಾಮೂಲಿಗಿಂತ ಜಾಸ್ತಿ ಸತ್ತರು. ಆಮೇಲೆ 2013ರಲ್ಲಿ ಆ ನಗರ ಬಿಸಿಲು ಎದುರಿಸಲು ಒಂದು ಯೋಜನೆ ಮಾಡಿಕೊಂಡಿತು. ಮುನ್ನೆಚ್ಚರಿಕೆ ಸಂದೇಶ, ಆಸ್ಪತ್ರೆಗಳಿಗೆ ತರಬೇತಿ, ಕುಡಿಯುವ ನೀರು, ನೆರಳು. ಅದು ಎಷ್ಟೋ ಜೀವ ಉಳಿಸಿದೆ. ನಮ್ಮ ನಗರಕ್ಕೂ 2023ರ ನವೆಂಬರ್‌ನಲ್ಲಿ ಹವಾಮಾನ ಕ್ರಿಯಾ ಯೋಜನೆ ಬಂದಿದೆ. ಅದು ಬಿಬಿಎಂಪಿ ಕಾಲದ್ದು. ಈಗ ಐದು ಪಾಲಿಕೆಗಳಾಗಿವೆ. ನಿಮ್ಮ ಪಾಲಿಕೆ ಈ ಬೇಸಿಗೆಗೆ ಏನು ಮಾಡಿದೆ ಅಂತ ವಾರ್ಡ್ ಮಟ್ಟದಲ್ಲೇ ಕೇಳಿ.

ಹೊರಗೆ ದುಡಿಯುವವರು ಭಾರದ ಕೆಲಸವನ್ನು ಬೆಳಿಗ್ಗೆ ಹನ್ನೊಂದರೊಳಗೆ, ಸಂಜೆ ನಾಲ್ಕರ ಮೇಲೆ ಇಟ್ಟುಕೊಳ್ಳುವಂತಾಗಬೇಕು. ಯಾರಾದರೂ ಬಿಸಿಲಿನಲ್ಲಿ ತೊದಲಿದರೆ, ಗೊಂದಲಗೊಂಡರೆ, ಕುಸಿದರೆ ಅದು ಬರೀ ಸುಸ್ತಲ್ಲ. 108ಕ್ಕೆ ಕರೆ ಮಾಡಿ. ನೆರಳಿಗೆ ತಂದು ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಹಾಕಿ ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಬೇರೆ ಯಾವ ಊರು ಇದನ್ನು ಚೆನ್ನಾಗಿ ಮಾಡಿದೆ?

ಕೊಲಂಬಿಯಾದ ಮೆಡೆಲಿನ್. ಅದೂ ನಮ್ಮ ಹಾಗೆ ಎತ್ತರದಲ್ಲಿರುವ, ಮೊದಲು ಹಿತವಾದ ಹವೆಗೆ ಹೆಸರಾಗಿದ್ದ ಊರು. 2016ರಿಂದ ಮುಖ್ಯರಸ್ತೆ ಮತ್ತು ಹಳ್ಳಗಳ ಉದ್ದಕ್ಕೂ 30 ಹಸಿರು ದಾರಿ ಮಾಡಿದರು. ಅವುಗಳ ಆಸುಪಾಸಿನಲ್ಲಿ ಸುಮಾರು 2 ಡಿಗ್ರಿ ತಂಪಾಗಿದೆ. ಬಡ ಬಡಾವಣೆಗಳ ಜನರಿಗೆ ತೋಟಗಾರಿಕೆ ಕಲಿಸಿ ಅವರಿಗೇ ಕೆಲಸ ಕೊಟ್ಟರು, ಅದು ನನಗೆ ಬಹಳ ಹಿಡಿಸಿತು. ಬಿಡಿ ಬಿಡಿ ಪಾರ್ಕಿಗಿಂತ ಸಾಲಾದ ನೆರಳು ಜಾಸ್ತಿ ಜನರಿಗೆ ತಲುಪುತ್ತದೆ. ಕಬ್ಬನ್ ಪಾರ್ಕಿನೊಳಗೆ ಎಷ್ಟೇ ತಂಪಿದ್ದರೂ ಪೀಣ್ಯದ ಬಸ್ ಸ್ಟಾಪಿಗೆ ಅದು ಬರುವುದಿಲ್ಲ, ಅಲ್ವಾ?

ನಮ್ಮ ಬೀದಿಯಲ್ಲಿ ಸಸಿ ನೆಡಬೇಕು. ಯಾವಾಗ, ಹೇಗೆ?

ಗುಂಡಿ ಮೇ ತಿಂಗಳಲ್ಲೇ ತೆಗೆಯಿರಿ. ಉದ್ದ, ಅಗಲ, ಆಳ ಒಂದೊಂದು ಮೀಟರ್ ಇರಲಿ. ಕಟ್ಟಡದ ಚೂರು, ಪ್ಲಾಸ್ಟಿಕ್ ಬಂದರೆ ತೆಗೆದುಹಾಕಿ, ಕೆಂಪುಮಣ್ಣು, ಗೊಬ್ಬರ ಸೇರಿಸಿ. ಮಳೆ ಹಿಡಿದ ಮೇಲೆ ಜೂನ್, ಜುಲೈನಲ್ಲಿ ನೆಡಿ. ಮೊಣಕಾಲುದ್ದದ ಸಸಿ ಬೇಡ, ಆರೇಳು ಅಡಿಯದ್ದು ತನ್ನಿ. ಮೇಲೆ ತಂತಿ ಇದೆಯಾ, ಕೆಳಗೆ ಪೈಪು ಇದೆಯಾ ನೋಡಿ. ಪೂರ್ವ-ಪಶ್ಚಿಮ ರಸ್ತೆಯಾದರೆ ಜನ ಹೆಚ್ಚು ನಡೆಯುವ ಪಕ್ಕಕ್ಕೇ ನೆಡಿ, ಬಸ್ ಸ್ಟಾಪಾದರೆ ಪಶ್ಚಿಮದ ಕಡೆಗೆ. ಕಂಬಿಯ ಬೇಲಿ, ಆಸರೆಗೆ ಒಂದು ಗಳ, ಬುಡದಲ್ಲಿ ಪಾತಿ, ಪಾತಿಗೆ ಒಣ ಎಲೆ.

ಆಮೇಲಿನದ್ದೇ ದೊಡ್ಡ ಕೆಲಸ. ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಹುಲಿಕಲ್–ಕುದೂರು ರಸ್ತೆಯಲ್ಲಿ ಆಲದ ಸಾಲು ಬೆಳೆಸಿದ್ದು ಗಿಡ ನೆಟ್ಟು ಮಾತ್ರವಲ್ಲ, ಕೊಡದಲ್ಲಿ ನೀರು ಹೊತ್ತು, ದನ ತಿನ್ನದಂತೆ ಮುಳ್ಳುಬೇಲಿ ಕಟ್ಟಿ. ನಿಮ್ಮ ಸಸಿಗೆ ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಸಲ ಒಂದು ದೊಡ್ಡ ಬಕೆಟ್ ನೀರು ಬೇಕು. ಅಕ್ಕಿ, ತರಕಾರಿ ತೊಳೆದ ನೀರು ಆಗುತ್ತದೆ, ಸೋಪಿನ ನೀರು ಬೇಡ. ಬೀದಿಯ ಯಾವ ಮನೆಯವರು ಯಾವ ವಾರ ಹಾಕುತ್ತಾರೆ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಮೂರನೇ ಬೇಸಿಗೆಗೆ ಬೇರು ಆಳಕ್ಕೆ ಇಳಿದಿರುತ್ತದೆ. ಆಗ ಬೇಲಿಯ ಕಂಬಿ ಕಾಂಡಕ್ಕೆ ಒತ್ತುತ್ತಿದೆಯಾ ನೋಡಿ, ಒತ್ತುತ್ತಿದ್ದರೆ ಬಿಚ್ಚಿ ಮುಂದಿನ ಸಸಿಗೆ ಕೊಡಿ.